ಮೈಸೂರಿನ ವಸತಿಗೃಹದಲ್ಲಿ ಖಾಲಿ ಕೋಣೆಗಳ ಏಸಿ ಖರ್ಚು ತಗ್ಗಿಸುವುದು ಹೇಗೆ?

ಅತಿಥಿಗಳು ಹೊರಗೆ ಹೋದಾಗಲೂ ಏಸಿ ಓಡುತ್ತಿರುತ್ತದೆ, ಕಾರ್ಡ್ ಸಿಕ್ಕಿಸಿದಾಗ ಮಾತ್ರ ಕೋಣೆಗೆ ವಿದ್ಯುತ್ ಕೊಡುವ ಕೀ ಕಾರ್ಡ್ ಸ್ವಿಚ್ ಹಾಕಿಸಿದರೆ ಸಾಕೇ ಎಂದು ತಾವು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಅದೊಂದೇ ಸಾಲದು. ಸಾಧಾರಣ ಸ್ವಿಚ್ಚಿಗೆ ಯಾವ ಕಾರ್ಡನ್ನು ಸಿಕ್ಕಿಸಿದರೂ ನಡೆಯುವುದರಿಂದ, ಅರಮನೆಯನ್ನೋ ಚಾಮುಂಡಿ ಬೆಟ್ಟವನ್ನೋ ನೋಡಲು ಹೊರಟವರು ಮರಳುವಾಗ ಕೋಣೆ ತಂಪಾಗಿರಲೆಂದು ಹಳೆಯ ಕಾರ್ಡೊಂದನ್ನು ಅಲ್ಲೇ ಬಿಟ್ಟು ಹೋಗಬಹುದು.

ಬಾಗಿಲಿನ ಸೆನ್ಸರ್ ಮತ್ತು ಚಲನೆಯ ಸೆನ್ಸರ್ ಎರಡನ್ನೂ ಜೋಡಿಸುವುದು ಹೆಚ್ಚು ನಂಬಿಕೆಗೆ ಅರ್ಹ. ಚಲನೆಯ ಸೆನ್ಸರ್ ಒಂದೇ ಇದ್ದರೆ ಮಲಗಿರುವವರನ್ನು ಅದು ಗುರುತಿಸದೆ, ನಡುರಾತ್ರಿ ಏಸಿ ನಿಂತು ಅವರ ನಿದ್ದೆ ಕೆಡುತ್ತದೆ. ಎರಡೂ ಇದ್ದಾಗ, ಬಾಗಿಲು ಮುಚ್ಚಿದ ಮೇಲೆ ಒಮ್ಮೆ ಚಲನೆ ಕಂಡರೆ ಬಾಗಿಲು ಮತ್ತೆ ತೆರೆಯುವವರೆಗೂ ಒಳಗೆ ಜನರಿದ್ದಾರೆಂದೇ ಲೆಕ್ಕ. ಬಾಗಿಲು ಮುಚ್ಚಿದ ಮೇಲೆ ಹದಿನೈದು ನಿಮಿಷ ಏನೂ ಕಾಣದಿದ್ದರೆ ಕೋಣೆ ಖಾಲಿ. ಆಗಲೂ ಏಸಿಯನ್ನು ಪೂರ್ತಿ ಆರಿಸದೆ 28 ಡಿಗ್ರಿಗೆ ಏರಿಸಿಡಿ. ಪೂರ್ತಿ ಆರಿಸಿ ಗೋಡೆ, ಹಾಸಿಗೆಗಳು ಬಿಸಿಯಾದರೆ ಮರಳಿದ ಅತಿಥಿ 16ಕ್ಕೆ ಇಳಿಸಿ ಹಾಗೆಯೇ ಮರೆತುಬಿಡುತ್ತಾರೆ.

ಜನರಿರುವಾಗ 24 ಡಿಗ್ರಿಯಿಂದ ಆರಂಭವಾಗಲಿ. 2020ರಿಂದ ನಮ್ಮ ದೇಶದ ಸ್ಟಾರ್ ಗುರುತಿನ ಏಸಿಗಳಿಗೆ ಇದೇ ಮೂಲ ಸೆಟ್ಟಿಂಗ್. ಒಂದೊಂದು ಡಿಗ್ರಿ ಏರಿಸಿದಾಗ ಸುಮಾರು 6% ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಬೇಸಿಗೆಯ ರಾತ್ರಿಗಳೂ ಅಷ್ಟಾಗಿ ಬಿಸಿಯಾಗಿರುವುದಿಲ್ಲ; ಸೀಲಿಂಗ್ ಫ್ಯಾನ್ ಜೊತೆಗಿದ್ದರೆ 26 ಕೂಡ ಹಿತವಾಗಿರುತ್ತದೆ. ಆದ್ದರಿಂದ ಏಸಿ ಇದೆಯೆಂದು ಫ್ಯಾನುಗಳನ್ನು ದಯವಿಟ್ಟು ತೆಗೆಸಬೇಡಿ.