ಫಿಂಗರ್‌ಸ್ಟೈಲ್ ಬ್ಲೂಸ್ ಗಿಟಾರ್ ಕಲಿಯಲು ಸರಿಯಾದ ಆನ್‌ಲೈನ್ ಪಾಠ ಆರಿಸೋದು ಹೇಗೆ?

ಹೆಬ್ಬೆರಳಿನಿಂದ ಶುರು ಮಾಡುವ ಪಾಠ ಆರಿಸಿ. ಹಾಡು, ಸೋಲೋ ಎಲ್ಲ ಆಮೇಲೆ.

ಬೆರಳುಗಳಿಂದಲೇ ತಂತಿ ಮೀಟುವ ಈ ಶೈಲಿಯಲ್ಲಿ ಪಕ್ಕದಲ್ಲಿ ಡ್ರಮ್ ಇರಲ್ಲ, ಬೇಸ್ ಗಿಟಾರೂ ಇರಲ್ಲ ಅಲ್ವಾ? ಆ ಎರಡೂ ಕೆಲಸ ಹೆಬ್ಬೆರಳಿನದು. ರಾಗ ನುಡಿಸುವುದು ಉಳಿದ ಬೆರಳುಗಳು. ಹೆಬ್ಬೆರಳು ಯೋಚಿಸದೆಯೇ ನಡೆಯುವಷ್ಟು ಪಳಗಿರಬೇಕು. ಇಲ್ಲದಿದ್ದರೆ ರಾಗ ಶುರುವಾದ ಕೂಡಲೇ ಅದೂ ರಾಗದ ಹಿಂದೆ ಓಡುತ್ತದೆ, ತಾಳ ತಪ್ಪುತ್ತದೆ.

ಹಾಗಾಗಿ ಮೊದಲ ಪಾಠವನ್ನೇ ಗಮನಿಸಿ. ಇ (E) ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಹಿಡಿಸಿ, ಎಲ್ಲಕ್ಕಿಂತ ದಪ್ಪಗಿರುವ ಆರನೇ ತಂತಿಯನ್ನು ಪ್ರತಿ ಬೀಟಿಗೂ ಒಮ್ಮೆ ಮೀಟಿಸುತ್ತಾರಾ? ಅಂಗೈ ಅಂಚನ್ನು ಬ್ರಿಡ್ಜ್ (ಗಿಟಾರಿನ ಮೈ ಮೇಲೆ ತಂತಿಗಳನ್ನು ಹೊತ್ತಿರುವ ಪಟ್ಟಿ) ಹತ್ತಿರ ತಂತಿಗೆ ಹಗುರವಾಗಿ ತಾಗಿಸಿದರೆ ಬರುವ ‘ದಬ್ ದಬ್’ ಸದ್ದು ತೋರಿಸುತ್ತಾರಾ? ಕ್ಯಾಮೆರಾ ಮೀಟುವ ಕೈ ಮೇಲಿದೆಯಾ? ಕಾರ್ಡ್ ಹಿಡಿಯುವ ಕೈಯನ್ನಷ್ಟೇ ತೋರಿಸುವ ವಿಡಿಯೋಗಳೂ ಇರುತ್ತವೆ. ಅವನ್ನು ಸುಮ್ನೆ ಬಿಟ್ಟುಬಿಡಿ.

ಹಳೆಯ ಬ್ಲೂಸ್ ಗಿಟಾರ್ ವಾದಕರಲ್ಲಿ ಬಿಗ್ ಬಿಲ್ ಬ್ರೂಂಜಿ ಹೆಚ್ಚಾಗಿ ಒಂದೇ ಬೇಸ್ (ತಗ್ಗು) ಸ್ವರವನ್ನು ಬಡಿಯುತ್ತಿದ್ದರು. ಮಿಸಿಸಿಪ್ಪಿ ಜಾನ್ ಹರ್ಟ್ ಅವರ ಹೆಬ್ಬೆರಳು ಬೇರೆ ಬೇರೆ ತಂತಿಗಳ ನಡುವೆ ಓಡಾಡುತ್ತಿತ್ತು. ಇಬ್ಬರನ್ನೂ ಕೇಳಿ, ಹಿಡಿಸಿದ ಕಡೆಯ ಪಾಠ ಹುಡುಕಿ.