ಹ್ಯಾಮ್ ಲೈಸೆನ್ಸ್ ಇದ್ದರೆ ಸೇವೆ ಮಾಡಲೇಬೇಕಾ?

ಹೊಸದಾಗಿ ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಸಿಕ್ಕಿದೆ, ಕ್ಲಬ್ಬಿನವರು ಮ್ಯಾರಥಾನ್‌ನಲ್ಲಿ ಸಂದೇಶ ಮುಟ್ಟಿಸುವ ಸೇವೆಗೆ ರೇಡಿಯೊ ಹಿಡಿದು ಬರಲೇಬೇಕು ಅಂತಿದ್ದಾರೆ, ಇದು ಕಡ್ಡಾಯವಾ ಅಂತ ಕೇಳಿದ್ದೀರಿ. ಕಡ್ಡಾಯವಲ್ಲ. ಧೈರ್ಯವಾಗಿ ಆಗಲ್ಲ ಅನ್ನಿ.

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮದಲ್ಲಿ ಹವ್ಯಾಸಿ ರೇಡಿಯೊ ಅಂದರೆ ಸ್ವಂತ ಕಲಿಕೆ, ಪರಸ್ಪರ ಮಾತುಕತೆ, ತಾಂತ್ರಿಕ ಪ್ರಯೋಗ, ಅದೂ ಹಣದ ಆಸೆ ಇಲ್ಲದೆ. ಸೇವೆ ಮಾಡಲೇಬೇಕು ಅಂತ ಅಲ್ಲಿಲ್ಲ. ವಿಪತ್ತಿನ ನೆರವಿಗೆ ಹ್ಯಾಮ್‌ಗಳು ಸಜ್ಜಾಗಲು ಅವಕಾಶ ಕೊಡಿ ಅಂತ ಅದು ಪ್ರೋತ್ಸಾಹಿಸುವುದು ಸರ್ಕಾರಗಳನ್ನು. ಆದರೆ ಯಾರಾದರೂ ಅಪಾಯದಲ್ಲಿ ಕರೆಯುತ್ತಿದ್ದರೆ ಚಾನೆಲ್ ಬಿಟ್ಟುಕೊಡಿ, ಕಿವಿಗೊಡಿ. ಅದರಲ್ಲಿ ಎರಡು ಮಾತಿಲ್ಲ.

ಇಷ್ಟಾದರೂ ನನ್ನ ಮನಸ್ಸು ಸೇವೆಯ ಕಡೆಗೇ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಅವರ ತಂಡ ಪೋರ್ಟ್ ಬ್ಲೇರ್‌ಗೆ ಹೋಗಿದ್ದು ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲು, ಅಂದರೆ ಹವ್ಯಾಸಕ್ಕೆ. 26ರಂದು ಸುನಾಮಿ ಬಡಿಯಿತು. ಫೋನ್‌ಗಳು ಕೆಟ್ಟವು. ಅದೇ ರೇಡಿಯೊದಿಂದ ಸಿಕ್ಕಿಬಿದ್ದವರ ಸುದ್ದಿ ಮುಖ್ಯಭೂಮಿಯ ಮನೆಗಳಿಗೆ ತಲುಪಿತು. ಯಾರೂ ಆದೇಶ ಕೊಟ್ಟಿರಲಿಲ್ಲ. ಸುಮ್ನೆ ಹವ್ಯಾಸ ಅಂತ ವರ್ಷಗಟ್ಟಲೆ ಕಲಿತದ್ದೇ ಕೈಗೆ ಬಂತು, ಅಲ್ವಾ? ಹಾಗಾಗಿ ಮ್ಯಾರಥಾನ್‌ಗೆ ಒಮ್ಮೆ ಹೋಗಿ ನೋಡಿ. ಗದ್ದಲದಲ್ಲಿ ಚಿಕ್ಕದಾಗಿ, ಸ್ಪಷ್ಟವಾಗಿ ಸಂದೇಶ ಕೊಡುವ ಅಭ್ಯಾಸ ಅಲ್ಲಿ ಆಗುವಷ್ಟು ಮನೆಯಲ್ಲಿ ಆಗುವುದಿಲ್ಲ.