ಮಳೆಗಾಲದಲ್ಲಿ ಅಂಟಂಟಾಗುವ ರೆಸಿನ್

ಪಾಲಿಮರ್ ಕ್ಲೇ (ಒವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ ಪ್ಲಾಸ್ಟಿಕ್ ಜೇಡಿ) ಬೆಂಡೋಲೆಗೆ ಹಚ್ಚಿದ ಎಪಾಕ್ಸಿ ರೆಸಿನ್ (ಎರಡು ದ್ರವ ಕಲಸಿದಾಗ ಗಾಜಿನಂತೆ ಗಟ್ಟಿಯಾಗುವ ಲೇಪ) ಎರಡು ದಿನವಾದರೂ ಅಂಟುತ್ತಿದೆ, ಮೇಲೆ ಮಬ್ಬೂ ಬಂದಿದೆ ಅಂತ ಕೇಳಿದ್ದೀರಿ. ಕಾಸರಗೋಡಿನ ಉಪ್ಪಳದಲ್ಲಿ, ಅದೂ ಜೋರು ಮಳೆಯ ಆಟಿ ತಿಂಗಳಲ್ಲಿ! ಹಪ್ಪಳವೇ ಒಣಗದ ಹವೆ, ಅಲ್ವಾ?

ಮಬ್ಬಿಗೆ ಕಾರಣ ತೇವ. ಅಂಟು ಉಳಿಯೋದು ಮಾತ್ರ ಹೆಚ್ಚಾಗಿ ಎರಡು ದ್ರವಗಳ ಅಳತೆ ತಪ್ಪಿ. ಡಬ್ಬಿಯಲ್ಲಿ ಹೇಳಿದ್ದು ತೂಕದ ಲೆಕ್ಕವೋ, ಮಿಲಿಲೀಟರ್ ಲೆಕ್ಕವೋ ನೋಡಿ. ಕಪ್ಪಿನ ತಳ, ಬದಿ ಕೆರೆದು ಕಲಸಿ.

ಇಷ್ಟು ಚಿಕ್ಕ ಸಾಮಾನಿಗೆ ಮಳೆಗಾಲದಲ್ಲಿ ನಾನಾದರೆ ಯುವಿ ರೆಸಿನ್ನೇ (ಯುವಿ ಲ್ಯಾಂಪಿನ ಬೆಳಕಿಗೆ ಹಿಡಿದರೆ ಗಟ್ಟಿಯಾಗುವಂಥದ್ದು) ಬಳಸುತ್ತೇನೆ. ಬೇಯಿಸಿದ ಕ್ಲೇ ಪೂರ್ತಿ ತಣಿದ ಮೇಲೆ 400, ಆಮೇಲೆ 600 ನಂಬರಿನ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ತೊಳೆದು ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ. ಮತ್ತೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡಿದ್ದ ಕಡೆ ರೆಸಿನ್ ಸರಿದು ಗುಳಿ ಬೀಳುತ್ತದೆ. ನಡುವೆ ಹನಿ ಬಿಟ್ಟು ಹಲ್ಲುಕಡ್ಡಿಯಲ್ಲಿ ಅಂಚಿನತ್ತ ಎಳೆಯಿರಿ, ಅಂಚಿಗೆ ಕೂದಲೆಳೆ ಮೊದಲೇ ನಿಲ್ಲಿಸಿ. ಅದು ತಾನೇ ಹರಿದು ಮುಟ್ಟುತ್ತದೆ. ದಪ್ಪ ಬೇಕಾದರೆ ಎರಡು ತೆಳು ಪದರ, ನಡುವೆ ಒಮ್ಮೆ ಲ್ಯಾಂಪಿಗೆ ಹಿಡಿದು.

ಗ್ಲೌಸ್ ಬೇಕೇ ಬೇಕು, ಕಿಟಕಿ ತೆರೆದಿರಲಿ. ರೆಸಿನ್ ಅಲರ್ಜಿ ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ.

ಈಗಿನ ಬೆಂಡೋಲೆಗಳನ್ನು ಸುಮ್ನೆ ಎಸೆಯಬೇಡಿ. ಬರೀ ಮಬ್ಬಾದದ್ದನ್ನು ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೋಡಿ. ಅಂಟುವುದನ್ನು ಕೆರೆದು ತೆಗೆದು, ಉಜ್ಜಿ, ಹೊಸದಾಗಿ ಹಚ್ಚಿ.